ಬಣ್ಣದ ಮೇಷ್ಟ್ರಿಗೆ ಕಾಮಾಲೆ

ಬಿಳಿ ಅಂದರೆ ನಮಗೆ ನಿಮಗೆಲ್ಲ ಬಿಳಿ, ಅಷ್ಟೇ. ಬಣ್ಣದ ಮೇಷ್ಟ್ರಿಗೆ ಮಾತ್ರ ಹಾಗಲ್ಲ. ಅವರ ಪ್ರಕಾರ ಬಿಳಿಯಲ್ಲೇ ಮೂವತ್ತೆಂಟು ಬಗೆ ಇದೆ. ಹಾಲಿನ ಬಿಳಿ, ಸುಣ್ಣದ ಬಿಳಿ, ಮೊಟ್ಟೆ ಚಿಪ್ಪಿನ ಬಿಳಿ, ಒಮ್ಮೆ ಒಗೆದ ಬಿಳಿ, ಹತ್ತು ಸಲ ಒಗೆದ ಬಿಳಿ. ಹೆಂಡತಿ ಹೊಸ ದಿಂಬಿನ ಚೀಲ ಹಾಕಿದ ದಿನ ಮೇಷ್ಟ್ರು ಮಲಗುವ ಮೊದಲು ಎರಡು ದಿಂಬನ್ನೂ ಪಕ್ಕಪಕ್ಕ ಇಟ್ಟು, "ಇವೆರಡೂ ಒಂದೇ ಥಾನಿನ ಬಟ್ಟೆ ಅಲ್ಲ ಕಣೇ" ಅಂದರೆ, ಆಕೆ ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಹಾಗೆ ತಿರುಗಿ ಮಲಗುವುದನ್ನು ಕಲಿತೇ ಆಕೆ ಮೂವತ್ತು ವರ್ಷ ಸಂಸಾರ ಮಾಡಿದ್ದು.

ಮೇಷ್ಟ್ರು ಅಂದರೆ ಶಾಲೆ ಮೇಷ್ಟ್ರಲ್ಲ. ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವರು. ಗಿರಾಕಿ ಒಂದು ಒಡೆದ ಹೆಂಚಿನ ಚೂರನ್ನೋ ಹಳೇ ಪರದೆಯ ಅಂಚನ್ನೋ ತಂದು "ಇದೇ ಬಣ್ಣ ಬೇಕು" ಅಂದರೆ ಸಾಕು. ಮೇಷ್ಟ್ರು ಅದನ್ನು ಬಾಗಿಲ ಬೆಳಕಿಗೆ ಒಯ್ದು ಒಂದು ನೋಟ ನೋಡುವರು. ಬಿಳಿ ಪೇಂಟಿನ ಡಬ್ಬಕ್ಕೆ ಪುಟ್ಟ ಪುಟ್ಟ ಬಾಟಲಿಗಳಿಂದ ಗಾಢ ಬಣ್ಣ ಹನಿಸುವರು, ಹಳದಿ ಇಷ್ಟು, ಕಪ್ಪು ಇಷ್ಟು, ಕೆಂಪು ತೋರಿಸಿದ ಹಾಗೆ ಒಂದು ತೊಟ್ಟು. ರಟ್ಟಿನ ಮೇಲೆ ಸವರಿ ಒಣಗಿಸಿ ಹೆಂಚಿನ ಪಕ್ಕ ಇಟ್ಟರೆ, ಹೆಂಚು ಯಾವುದು ರಟ್ಟು ಯಾವುದು ಅಂತ ಗಿರಾಕಿಯೇ ಮುಟ್ಟಿ ನೋಡಬೇಕು. ಅಂಗಡಿ ಯಜಮಾನರು ಬೆರೆಸುವ ಯಂತ್ರ ತರಿಸುವ ಮಾತೆತ್ತಿ ನಾಲ್ಕು ವರ್ಷವಾಗಿತ್ತು. ಯಂತ್ರದ ಏಜೆಂಟು ಬಂದಾಗಲೆಲ್ಲ ಮೇಷ್ಟ್ರು ಅವನ ಅಂಗಿಯ ಬಣ್ಣವನ್ನು ಹತ್ತು ನಿಮಿಷದಲ್ಲಿ ಬೆರೆಸಿ ತೋರಿಸಿ, "ನಿಮ್ಮ ಯಂತ್ರಕ್ಕೆ ಬಿಸ್ಕತ್ತು ಕಾಫಿ ಕೊಡೋ ಖರ್ಚು ಇಲ್ಲ ನಿಜ, ಆದ್ರೆ ಕಣ್ಣೂ ಇಲ್ವಲ್ಲ" ಅಂತ ಕಳಿಸುತ್ತಿದ್ದರು. ಯಜಮಾನರು ನಗುತ್ತಿದ್ದರು. ಆದರೆ ಏಜೆಂಟು ಕೊಟ್ಟ ಚೀಟಿಯನ್ನು ಹರಿಯದೆ ಗಲ್ಲಾಪೆಟ್ಟಿಗೆಯೊಳಗೆ ಇಡುತ್ತಿದ್ದರು. ಮೇಷ್ಟ್ರು ಅದನ್ನೂ ನೋಡಿದ್ದರು.

ಇಂಥ ಕಣ್ಣಿರುವವರ ಜಂಬ ಅಂಗಡಿಯಲ್ಲೇ ಉಳಿದೀತೇ? ಮನೆಗೂ ಬರುತ್ತಿತ್ತು. ಹಣ್ಣು ಮಾಗಿದೆಯೋ, ಹಾಲು ಕೆಟ್ಟಿದೆಯೋ, ಎಣ್ಣೆ ಹಳೆಯದೋ, ಎಲ್ಲಕ್ಕೂ ಅವರ ಕಣ್ಣೇ ನ್ಯಾಯಾಲಯ, ಮೇಲ್ಮನವಿಗೆ ಅವಕಾಶವಿಲ್ಲ. ಮಗಳು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು, ಗಂಡ ಹಡಗಿನಲ್ಲಿ ಇಂಜಿನಿಯರು. ಚೊಚ್ಚಲ ಬಸುರಿ. ರಜೆ ಹಾಕಿ ಹೆರಿಗೆಗೆಂದು ಅಪ್ಪನ ಮನೆಗೆ ಬಂದಿದ್ದಳು. ಬಂದ ದಿನವೇ ಮೇಷ್ಟ್ರು ಅವಳ ಕೆನ್ನೆ ನೋಡಿ, "ರಕ್ತ ಚೆನ್ನಾಗಿದೆ, ಪರೀಕ್ಷೆ ಗಿರೀಕ್ಷೆ ಏನೂ ಬೇಡ" ಅಂದಿದ್ದರು. ಅವಳು ಹೂಂ ಅಂದು ಮಾರನೆಯ ದಿನ ಪರೀಕ್ಷೆ ಮಾಡಿಸಿಕೊಂಡು ಬಂದಳು.

ಆ ಹೊತ್ತಿಗೇ ಬೀದಿ ಕೊನೆಯಲ್ಲಿ ನೀರಿನ ಕೊಳವೆ ಒಡೆದು, ಒಂದು ವಾರ ಅಗೆದು, ಮುಚ್ಚಿ ಹೋಗಿದ್ದರು. ಮತ್ತೆ ನಲ್ಲಿ ಬಂದ ದಿನ ಹೆಂಡತಿ ಎಂದಿನಂತೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಲು ಇಟ್ಟಿದ್ದಳು. ಮೇಷ್ಟ್ರು ಗಾಜಿನ ಲೋಟದಲ್ಲಿ ನಲ್ಲಿ ನೀರು ಹಿಡಿದು ಕಿಟಕಿಗೆ ಎತ್ತಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು.

"ಒಂದು ಚೂರೂ ಛಾಯೆ ಇಲ್ಲ ಇದರಲ್ಲಿ. ಹೊಸ ಕೊಳವೆ ಹಾಕಿದಾರೆ. ಇನ್ನು ಮೇಲೆ ಕಾಯಿಸೋದು ಬೇಡ, ಕಾಯಿಸಿದ ನೀರಿಗೆ ಜೀವ ಇರಲ್ಲ."

"ಡಾಕ್ಟ್ರು ಕಾಯಿಸಿದ್ದೇ ಕುಡೀಬೇಕು ಅಂದಿದಾರೆ ಇವಳಿಗೆ," ಅಂದಳು ಹೆಂಡತಿ.

"ಡಾಕ್ಟ್ರು ಈ ನೀರನ್ನ ನೋಡಿದಾರಾ? ನಾನು ನೋಡಿದೀನಿ."

ಆಕೆ ಒಲೆ ಆರಿಸಿದಳು. ಮೇಷ್ಟ್ರು ಆ ಲೋಟದ ನೀರನ್ನು ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಅಂಗಡಿಗೆ ಹೋದರು.

ಇದಾಗಿ ಒಂದು ತಿಂಗಳು ದಾಟಿತು. ಮೇಷ್ಟ್ರಿಗೆ ಏನೋ ಸುಸ್ತು. ಡಬ್ಬದ ಮುಚ್ಚಳ ತೆಗೆದರೆ ಸಾಕು, ಮೂವತ್ತು ವರ್ಷ ಅತ್ತರಿನ ಹಾಗೆ ಎಳೆದುಕೊಂಡ ವಾಸನೆಗೆ ಹೊಟ್ಟೆ ತೊಳಸುವುದು. ಊಟ ನೋಡಿದರೆ ಬೇಡ. ಸಣ್ಣ ಜ್ವರ ಬಂದು ಹೋಯಿತು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು, ಅದನ್ನು "ಬಿಸಿಲು" ಅಂತ ತೀರ್ಮಾನಿಸಿದರು. ಕೊನೆಗೊಂದು ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮುಖ ತೊಳೆದು ಕನ್ನಡಿ ನೋಡಿದವರು ಹಾಗೇ ನಿಂತುಬಿಟ್ಟರು. ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ "ಅಯ್ಯೋ" ಅನ್ನುತ್ತಿದ್ದರು. ಮೇಷ್ಟ್ರಿಗೆ ಮೊದಲು ಹೊಳೆದದ್ದು, "ಎಂಟು ಪಾಲು ಬಿಳಿಗೆ ಒಂದು ಪಾಲು ಹಳದಿ, ಹಸಿರಿನ ನೆರಳು" ಅಂತ. ಅದಾದ ಮೇಲೆಯೇ ಅಯ್ಯೋ ಅಂದದ್ದು.

ಕಾಮಾಲೆ! ಅಷ್ಟಾದರೆ ಹೇಗೋ ಆಗುತ್ತಿತ್ತು. ಆದರೆ ಮೇಷ್ಟ್ರ ತಲೆಯಲ್ಲಿ ಒಂದು ಗಾದೆ ಬಂದು ಕೂತಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅಂತ ಇನ್ನೊಂದು ಗಾದೆ ಅದಕ್ಕೆ ಸಾಕ್ಷಿ ಹೇಳಿತು. ಅಂದರೆ ಇನ್ನು ಮೇಲೆ ತನಗೆ ಕಾಣುವುದೆಲ್ಲ ಹಳದಿ ಬೆರೆತೇ ಕಾಣುತ್ತದೆ! ಯಜಮಾನರಿಗೆ ಗೊತ್ತಾದರೆ ಗಲ್ಲಾಪೆಟ್ಟಿಗೆಯಲ್ಲಿರುವ ಏಜೆಂಟಿನ ಚೀಟಿ ಅವತ್ತೇ ಹೊರಗೆ ಬರುತ್ತದೆ. ಮೇಷ್ಟ್ರು ಯಾರಿಗೂ ಹೇಳಬಾರದು ಅಂತ ಮನಸ್ಸು ಗಟ್ಟಿ ಮಾಡಿಕೊಂಡರು.

ಹೇಳದಿದ್ದರೂ ಕೆಲಸ ಸರಿಯಾಗಬೇಕಲ್ಲ? ಅದಕ್ಕೆ ಅವರ ಬುದ್ಧಿ ಒಂದು ಉಪಾಯ ಮಾಡಿತು. ಎಲ್ಲವೂ ಇಷ್ಟಿಷ್ಟು ಹಳದಿಯಾಗಿ ಕಾಣುತ್ತಿದೆ ಅಂದಮೇಲೆ, ಬೆರೆಸುವಾಗ ಅಷ್ಟಷ್ಟು ಹಳದಿ ಕಡಿಮೆ ಹಾಕಿದರಾಯಿತು! ಹತ್ತು ಹನಿ ಬೇಕಾದಲ್ಲಿ ಏಳು. ರಟ್ಟಿನ ಮೇಲೆ ಬಣ್ಣ ತಪ್ಪಿದೆ ಅಂತ ಅವರ ಕಣ್ಣು ಚೀರಿ ಹೇಳುತ್ತಿತ್ತು. "ಸುಮ್ಮನಿರು, ನಿನಗೆ ಕಾಯಿಲೆ" ಅಂತ ಮೇಷ್ಟ್ರು ಅದರ ಬಾಯಿ ಮುಚ್ಚಿಸಿದರು. ಜೀವಮಾನದಲ್ಲಿ ಮೊದಲ ಸಲ ಆ ಕಣ್ಣು ಸರಿಯಾಗಿ ಹೇಳಿದ ಮಾತನ್ನು ಅವರು ನಂಬಲಿಲ್ಲ. ತಪ್ಪು ಹೇಳಿದಾಗ ನಂಬಿದ್ದರು ಅನ್ನಿ, ಆ ಕಥೆ ಮುಂದೆ ಬರುತ್ತದೆ.

ಮನೆಯಲ್ಲಿ ಹೆಂಡತಿ ಎರಡನೇ ದಿನವೇ ಊಟಕ್ಕೆ ಬಡಿಸುತ್ತ ಕೇಳಿದಳು. "ರೀ, ನಿಮ್ಮ ಕಣ್ಣು ಒಂಥರಾ ಹಳದಿ ಕಾಣುತ್ತಲ್ಲ?"

"ಬಲ್ಬಿನ ಬೆಳಕು ಕಣೇ. ಇದರ ಕೆಳಗೆ ಸುಣ್ಣವೂ ಅರಿಸಿನ ಕಾಣುತ್ತೆ."

ಆಕೆ ಪರದೆ ಹೊಲಿಯುವ ಕೆಲಸದವಳು, ಬಟ್ಟೆಯ ಬಣ್ಣ ಅವಳಿಗೂ ಗೊತ್ತು. ಆದರೂ ಬಲ್ಬನ್ನು ನೋಡಿದಳು, ಗಂಡನನ್ನು ನೋಡಿದಳು, ಸಾರಿನ ಪಾತ್ರೆ ಎತ್ತಿಕೊಂಡಳು. ಮೇಷ್ಟ್ರು ಮಾರನೆಯ ದಿನದಿಂದ ಬೆಳಕು ಹರಿಯುವ ಮೊದಲೇ ಹೊರಟು, ದೀಪ ಹಚ್ಚಿದ ಮೇಲೆ ಮನೆಗೆ ಬರಲು ಶುರುಮಾಡಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಜಗತ್ತಿಗೆ ಕಾಣುವುದಿಲ್ಲವೇ? ಅಂಗಡಿಯಲ್ಲೂ ಹಿಂದಿನ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಹೀಗೆ ಹತ್ತು ದಿನ ನಡೆಯಿತು.

ಹನ್ನೊಂದನೆಯ ದಿನ ಸಂಗೀತದ ಟೀಚರಮ್ಮ ಅಂಗಡಿಗೆ ನುಗ್ಗಿದರು. ಆಕೆ ಪಾಠದ ಕೋಣೆಗೆ ಬೆಣ್ಣೆ ಬಣ್ಣ ಬೇಕೆಂದು ಹೇಳಿ ಹೋಗಿದ್ದವರು.

"ಮೇಷ್ಟ್ರೇ, ನಾನು ಕೇಳಿದ್ದು ಬೆಣ್ಣೆ. ಗೋಡೆ ನೋಡಿದ್ರೆ ಹೆಣದ ಮುಖ ಇದ್ದ ಹಾಗಿದೆ! ಮಕ್ಕಳು ಒಳಗೆ ಬಂದು, ಮಿಸ್, ಯಾರಿಗೆ ಹುಷಾರಿಲ್ಲ ಅಂತ ಕೇಳ್ತಾವೆ."

ಅವರ ಬೆನ್ನಿಗೇ ಅಂಗಡಿಯ ಖಾಯಂ ಗಿರಾಕಿ ಪೇಂಟರು ಬಂದ. "ನನ್ನದೂ ಅದೇ ಗೋಳು. ಮಾವಿನ ಹಣ್ಣಿನ ಬಣ್ಣ ಅಂತ ಕೊಟ್ರಿ, ಹೊಡೆದ ಮೇಲೆ ಮಾವಿನ ಕಾಯಿ!"

ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದರು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಮಾತಿನ ಬದಲು ಬೇರೇನೋ ಬರುವ ಹಾಗಾಯಿತು. ಹೊರಗೋಡಿ, ಅಂಗಡಿ ಮುಂದಿನ ಚರಂಡಿಗೆ ಬಗ್ಗಿ ವಾಂತಿ ಮಾಡಿಕೊಂಡರು. ತಲೆ ಎತ್ತಿದಾಗ ಮಟಮಟ ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ ಹೊಡೆಯಿತು. ಎದುರಿಗೆ ಯಜಮಾನರು, ಪೇಂಟರು, ಟೀಚರಮ್ಮ, ಮೂವರೂ ನಿಂತಿದ್ದರು. ಅಲ್ಲಿ ಬಲ್ಬಿನ ಮೇಲೆ ಹಾಕುವ ಹಾಗಿರಲಿಲ್ಲ.

"ನನ್ನ ಬೆಣ್ಣೆ ಬಣ್ಣ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು," ಅಂದರು ಟೀಚರಮ್ಮ ಮೆಲ್ಲಗೆ. ಪೇಂಟರು ತನ್ನ ಸ್ಕೂಟರಿನ ಹಿಂದೆ ಮೇಷ್ಟ್ರನ್ನು ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದ. ದಾರಿಯಲ್ಲಿ, ತನ್ನ ಅತ್ತೆ ಯಾವುದೋ ಸೊಪ್ಪಿನ ರಸ ಕೊಡುತ್ತಾರೆ, ಮೂರು ದಿನದಲ್ಲಿ ಕಾಮಾಲೆ ಇಳಿಯುತ್ತದೆ ಅಂತಲೂ ಹೇಳಿದ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಮಾತಿನಲ್ಲಿ ಮಾತ್ರ ಹಳೇ ತಲೆ. ಹೊಟ್ಟೆ ಒತ್ತಿ ನೋಡಿದರು, ರಕ್ತ ತೆಗೆಸಿದರು, ನಾಳೆ ಬನ್ನಿ ಅಂದರು. ಮಾರನೆಯ ದಿನ ಮೇಷ್ಟ್ರು ಎಂದಿನಂತೆ ಅಂಗಡಿಗೆಂದು ಹೊರಟವರು ಒಬ್ಬರೇ ಅಲ್ಲಿಗೆ ಹೋದರು. ಹೋಗಿ ಮೊದಲು ಕೇಳಿದ್ದೇನು? ಬದುಕುತ್ತೇನೋ ಇಲ್ಲವೋ ಅಂತಲ್ಲ.

"ಡಾಕ್ಟ್ರೇ, ಈ ಹಳದಿ ಕಾಣೋದು ಯಾವಾಗ ನಿಲ್ಲುತ್ತೆ?"

"ಯಾರಿಗೆ ಕಾಣೋದು?"

"ನನಗೆ. ಎಲ್ಲಾ ಹಳದಿ ಕಾಣುತ್ತಲ್ಲ ಕಾಮಾಲೇಲಿ."

ಡಾಕ್ಟರಮ್ಮ ತನ್ನ ಬಿಳಿ ಕೋಟಿನ ತೋಳು ಮುಂದೆ ಚಾಚಿದರು. "ಇದು ಯಾವ ಬಣ್ಣ?"

ಮೇಷ್ಟ್ರು ನೋಡಿದರು. "ಹತ್ತು ಸಲ ಒಗೆದ ಬಿಳಿ. ನೀಲಿ ಸ್ವಲ್ಪ ಜಾಸ್ತಿ ಹಾಕಿದಾರೆ."

"ಮತ್ತೆ? ಹಳದಿ ಎಲ್ಲಿ?" ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. "ಮೇಷ್ಟ್ರೇ, ಒಂದು ಮನೆ ಹೊರಗೋಡೆಗೆ ನೀವು ಹಳದಿ ಹೊಡೆದ್ರಿ ಅನ್ನಿ. ಒಳಗೆ ಕೂತು ಕಿಟಕೀಲಿ ನೋಡೋನಿಗೆ ಬೀದಿ ಹಳದಿ ಕಾಣುತ್ತಾ? ಹಳದಿ ಬೀದಿಯವರಿಗೆ ಕಾಣೋದು. ಇಷ್ಟು ವರ್ಷದಲ್ಲಿ ಹಳದಿ ಕಾಣುತ್ತೆ ಅಂತ ಬಂದ ಕಾಮಾಲೆಯವರು ನೀವೊಬ್ಬರೇ."

ಹತ್ತು ಹನಿಯ ಬದಲು ಏಳು ಹಾಕಿದ ಅಷ್ಟೂ ಡಬ್ಬಗಳು ಮೇಷ್ಟ್ರ ಕಣ್ಣ ಮುಂದೆ ಸಾಲಾಗಿ ಹಾದುಹೋದವು. ನಾಚಿಕೆಯಿಂದ ಅವರ ಮುಖ ಕೆಂಪೇರಿತು. ಹಳದಿಯ ಮೇಲೆ ಕೆಂಪು, ಕಿತ್ತಳೆ ಆಯಿತು ಅನ್ನಿ.

ಡಾಕ್ಟರಮ್ಮ ವರದಿ ಬಿಡಿಸಿ ವಿವರಿಸಿದರು. ಇದು ಯಕೃತ್ತಿಗೆ ತಗುಲುವ ವೈರಸ್ಸು. ಅದರಲ್ಲಿ ಎ, ಬಿ, ಸಿ ಅಂತ ಬಗೆಗಳಿವೆ, ಇವರಿಗೆ ಬಂದಿರುವುದು ಇ. ಹಳೆಯ ರಕ್ತ ಒಡೆದಾಗ ಒಂದು ಹಳದಿ ಕಸ ಹುಟ್ಟುತ್ತದೆ. ಅದನ್ನು ಸೋಸಿ ಹೊರಹಾಕುವುದು ಯಕೃತ್ತಿನ ಕೆಲಸ. ಅದು ಊದಿಕೊಂಡು ಕೈಚೆಲ್ಲಿದಾಗ ಕಸ ರಕ್ತದಲ್ಲೇ ಉಳಿದು ಕಣ್ಣಿಗೆ, ಚರ್ಮಕ್ಕೆ, ಮೂತ್ರಕ್ಕೆ ಹತ್ತುತ್ತದೆ. ಇದಕ್ಕೆ ಮಂತ್ರದಂಥ ಮಾತ್ರೆ ಏನೂ ಬೇಕಾಗಿಲ್ಲ, ನಿಮ್ಮಂಥವರಿಗೆ ಐದಾರು ವಾರದಲ್ಲಿ ತಾನೇ ಇಳಿಯುತ್ತದೆ. ವಿಶ್ರಾಂತಿ ಬೇಕು. ಹೆಂಡ ಮುಟ್ಟಬಾರದು. ನನ್ನನ್ನು ಕೇಳದೆ ಜ್ವರದ ಮಾತ್ರೆಯನ್ನೂ ನುಂಗಬಾರದು.

"ಪೇಂಟರ ಅತ್ತೆಯ ಸೊಪ್ಪಿನ ರಸ?"

"ಸುಸ್ತಾಗಿ ಬಿದ್ದಿರೋ ಯಕೃತ್ತಿನ ತಲೆ ಮೇಲೆ ಇನ್ನೊಂದು ಮೂಟೆ. ಬೇಡವೇ ಬೇಡ."

"ಬರೋದಾದ್ರೂ ಎಲ್ಲಿಂದ ಇದು?"

"ನೀರಿಂದ. ಚರಂಡಿ ನೀರು ಕುಡಿಯೋ ನೀರಿಗೆ ಸೇರಿದ್ರೆ ಬರುತ್ತೆ. ನಿಮ್ಮ ಬೀದಿಯಿಂದ ಈ ವಾರ ನೀವು ನಾಲ್ಕನೆಯವರು. ಕೊಳವೆ ಹಾಕುವಾಗ ಎಲ್ಲೋ ಎಡವಟ್ಟಾಗಿರಬೇಕು."

"ನೀರು ತಿಳಿಯಾಗಿದೆ ಡಾಕ್ಟ್ರೇ. ನಾನೇ ನೋಡಿದೀನಿ."

"ವೈರಸ್ಸಿಗೆ ಬಣ್ಣ ಇರಲ್ಲ ಮೇಷ್ಟ್ರೇ," ಅಂದರು ಡಾಕ್ಟರಮ್ಮ. ಚೀಟಿ ಬರೆಯುತ್ತ ಬರೆಯುತ್ತಲೇ ಕೇಳಿದರು. "ಮನೇಲಿ ಇನ್ಯಾರಿದಾರೆ?"

"ಹೆಂಡತಿ. ಮಗಳು. ಅವಳಿಗೆ ಈಗ ಎಂಟು ತಿಂಗಳು."

ಪೆನ್ನು ನಿಂತಿತು. ಡಾಕ್ಟರಮ್ಮನ ಮುಖದಲ್ಲಿ ಅಷ್ಟು ಹೊತ್ತು ಇದ್ದ ನಗು ಇರಲಿಲ್ಲ. "ಯಾವ ನೀರು ಕುಡೀತಾಳೆ ಅವಳು?"

"ನಲ್ಲೀದೇ," ಅಂದರು ಮೇಷ್ಟ್ರು. "ಕಾಯಿಸೋದು ಬೇಡ ಅಂತ ನಾನೇ ಹೇಳಿದ್ದೆ."

"ಈ ಇ ಅನ್ನೋದು ಬೇರೆಯವರಿಗೆ ಬಂದು ಹೋಗುತ್ತೆ. ದಿನ ತುಂಬುತ್ತಿರೋ ಬಸುರಿಗೆ ಬಂದ್ರೆ ಯಕೃತ್ತು ಪೂರ್ತಿ ಕೈಕೊಡಬಹುದು. ತಾಯಿಗೂ ಅಪಾಯ, ಮಗುವಿಗೂ ಅಪಾಯ. ಈಗಲೇ ಹೋಗಿ ಕಳಿಸಿ ಅವಳನ್ನ. ರಕ್ತ ನೋಡಬೇಕು. ಕುದಿಸದ ನೀರು ಒಂದು ಗುಟುಕೂ ಬೇಡ."

ಮೇಷ್ಟ್ರು ಹೇಗೆ ಮೆಟ್ಟಿಲಿಳಿದರೋ ಅವರಿಗೇ ಗೊತ್ತಿಲ್ಲ. ನಡೆಯಲೂ ತ್ರಾಣವಿಲ್ಲದ ಮನುಷ್ಯ ಓಡುತ್ತಿದ್ದರು. ಪಕ್ಕೆ ಹಿಡಿಯಿತು, ಆದರೂ ನಿಲ್ಲಲಿಲ್ಲ. ಆ ಲೋಟವನ್ನು ಕಿಟಕಿಗೆ ಎತ್ತಿದ್ದು ತಾನು. ಒಲೆ ಆರುವ ಹಾಗೆ ಮಾಡಿದ್ದು ತಾನು. ಅದಾದರೂ ತಿಳಿಯದೆ ಮಾಡಿದ ತಪ್ಪು. ಕಾಮಾಲೆ ಬಂದದ್ದು ಗೊತ್ತಾದ ಮೇಲೂ ಹತ್ತು ದಿನ ಬಾಯಿಗೆ ಬೀಗ ಹಾಕಿಕೊಂಡದ್ದು? ಅವತ್ತೇ ಡಾಕ್ಟರ ಬಳಿ ಹೋಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಒಂದು ಯಂತ್ರಕ್ಕೆ ಹೆದರಿ ಮಗಳಿಗೆ ಹತ್ತು ದಿನ ಜಾಸ್ತಿ ವಿಷ ಕುಡಿಸಿದೆನಲ್ಲ ಅಂತ ಮೇಷ್ಟ್ರು ಬೀದಿಯಲ್ಲೇ ಅಳುತ್ತ ಓಡಿದರು.

ಮನೆ ಬಾಗಿಲು ತೆರೆದಿತ್ತು. ಮಗಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಲೋಟ ಎತ್ತಿ ಬಾಯಿಗಿಡುತ್ತಿದ್ದಳು. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಇದ್ದಳು.

"ಕುಡೀಬೇಡ!" ಮೇಷ್ಟ್ರು ಹೋಗಿ ಲೋಟ ಕಿತ್ತುಕೊಂಡರು. ನೀರು ಅವರ ಕೈಮೇಲೆ ಚೆಲ್ಲಿತು. ಅದು ಬೆಚ್ಚಗಿತ್ತು.

ಮೇಷ್ಟ್ರು ಒದ್ದೆ ಕೈಯನ್ನೇ ನೋಡುತ್ತ ನಿಂತರು. ತಾಯಿ ಮಗಳ ಮುಖ ನೋಡಿದಳು, ಮಗಳು ತಾಯಿಯ ಮುಖ ನೋಡಿದಳು. ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದವರ ಮುಖ ಇಬ್ಬರದೂ.

"ಇದು... ಕಾಯಿಸಿದ್ದಾ?"

ಹೆಂಡತಿ ಹೊಲಿಗೆ ಯಂತ್ರದ ಗಾಲಿಯ ಮೇಲೆ ಕೈಯಿಟ್ಟಳು. "ಹೂಂ. ಅವತ್ತಿಂದಾನೂ ಕಾಯಿಸ್ತಾನೇ ಇದೀನಿ. ನೀವು ಅಂಗಡಿಗೆ ಹೋದ ಮೇಲೆ. ಇವಳಿಗೆ, ನನಗೆ. ಹಲ್ಲುಜ್ಜೋಕೂ ಅದೇ."

ಮೇಷ್ಟ್ರು ನೆಲದ ಮೇಲೆ ಕುಸಿದು ಕೂತರು. ಹೋದ ಜೀವ ಬಂತು. ಬಂದ ಜೀವದ ಬೆನ್ನಿಗೇ, ಹೇಳಲೇಬೇಕಾದದ್ದೂ ಬಾಯಿಗೆ ಬಂತು. ತನಗೆ ಬಂದದ್ದು ಏನು, ಅದು ಬಸುರಿಗೆ ಏನು ಮಾಡಬಹುದು, ಕನ್ನಡಿಯಲ್ಲಿ ಯಾವತ್ತು ನೋಡಿದ್ದು, ಯಾಕೆ ಮುಚ್ಚಿಟ್ಟದ್ದು, ಏಳು ಹನಿ ಹಳದಿಯ ಕಥೆ, ಎಲ್ಲ ಹೇಳಿದರು. ಯಂತ್ರದ ಏಜೆಂಟಿನ ಚೀಟಿಯನ್ನೂ ಬಿಡಲಿಲ್ಲ.

"ಹತ್ತು ದಿನ!" ಹೆಂಡತಿಗೆ ಈಗ ಸಿಟ್ಟು ಬಂತು. "ಬಲ್ಬು ಅಂದ್ರಲ್ರೀ! ನನ್ನ ಕಣ್ಣಿಗೆ ಕಂಡದ್ದನ್ನೇ ಸುಳ್ಳು ಮಾಡಿದ್ರಲ್ಲ!"

"ನೀನು ಕಾಯಿಸ್ತಿರೋದನ್ನ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳೋಕೆ ಧೈರ್ಯ ಇರ್ಲಿಲ್ಲ. ಕಾಯಿಸೋಕೆ ಇತ್ತು." ಅಂದವಳು ಇದ್ದಕ್ಕಿದ್ದ ಹಾಗೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಎರಡು ದಿನ ನಿಮ್ಮ ಹೂಜಿಗೂ ಕಾಯಿಸಿದ್ದೇ ಹಾಕಿದೆ. ಸಪ್ಪೆ ಅಂತ ಚೆಲ್ಲಿ, ನಲ್ಲಿಗೆ ಬಾಯಿ ಕೊಟ್ರಿ. ಜಗಳ ಆಡಿಯಾದ್ರೂ ಕುಡಿಸಬೇಕಿತ್ತು. ಹೋಗ್ಲಿ ಅಂತ ಬಿಟ್ಟೆ. ಅದು ನನ್ನ ತಪ್ಪು."

ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಪೆಟ್ಟು ಯಾರೂ ಕೊಟ್ಟಿರಲಿಲ್ಲ. ತಪ್ಪು ಯಾರದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಡಾಕ್ಟರಮ್ಮ ಅವತ್ತೇ ತುರ್ತಾಗಿ ಮಗಳ ರಕ್ತ ನೋಡದೆ ಬಿಡಲಿಲ್ಲ. ಹಣ್ಣು ತೊಳೆದ ನೀರೋ, ಯಾರದೋ ಮನೆಯ ಶರಬತ್ತೋ, ಹೇಳೋಕಾಗಲ್ಲ ಅಂದರು. ವರದಿ ಬರುವ ತನಕ ಮೇಷ್ಟ್ರು ಆಸ್ಪತ್ರೆಯ ಬೆಂಚಿನಿಂದ ಏಳಲಿಲ್ಲ. ಮಗಳು, "ಅಪ್ಪಾ, ನನ್ನ ಕೆನ್ನೆ ನೋಡಿ ಹೇಳಿಬಿಡಿ, ರಕ್ತ ಹೇಗಿದೆ ಅಂತ" ಅಂತ ಕೆಣಕಿದಳು. ಅವಳ ಕೈ ಮಾತ್ರ ಹೊಟ್ಟೆಯ ಮೇಲೇ ಇತ್ತು.

"ನನ್ನ ಕಣ್ಣಿಂದ ಆಗೋ ಕೆಲಸ ಅಲ್ಲಮ್ಮ ಅದು," ಅಂದರು ಮೇಷ್ಟ್ರು. "ಕಾಗದ ಬರಲಿ."

ಕಾಗದ ಬಂತು. ಏನೂ ಇಲ್ಲ, ಯಕೃತ್ತು ಸರಿಯಾಗಿದೆ, ಮೂರು ವಾರ ಬಿಟ್ಟು ಇನ್ನೊಮ್ಮೆ ನೋಡೋಣ ಅಂದರು ಡಾಕ್ಟರಮ್ಮ. ಮೇಷ್ಟ್ರು ಆ ಕಾಗದವನ್ನು ಓದಲು ಬಾರದವರ ಹಾಗೆ ತಿರುಗಿಸಿ ಮುರುಗಿಸಿ ನೋಡಿ, ಮಡಿಸಿ ಜೇಬಿಗಿಟ್ಟುಕೊಂಡರು.

ಮಾರನೆಯ ಬೆಳಿಗ್ಗೆ ಅವರು ಅಂಗಡಿಗೆ ಹೋಗಲಿಲ್ಲ. ಯಜಮಾನರು ಪೇಂಟರ ಕೈಲಿ ಹೇಳಿಕಳಿಸಿದ್ದರು, ಐದು ವಾರ ಆದಮೇಲೇ ಬನ್ನಿ, ಯಂತ್ರ ತರಿಸೋ ಮಾತು ಆಮೇಲೆ ನೋಡೋಣ ಅಂತ. ಮೇಷ್ಟ್ರು ಅದನ್ನು ಕೇಳಿ ಹೂಂ ಅಂದರು, ಅಷ್ಟೇ. ಬಿಸಿಲು ಕಿಟಕಿಯಿಂದ ಒಳಗೆ ಬಂದ ಮೇಲೆ ಕುರ್ಚಿಯನ್ನು ಬೆಳಕಿಗೆ ಎಳೆದು ಕೂತು, ಮಗಳನ್ನು ಕರೆದರು. ಅವಳು ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನ ಬಂದು ಎದುರು ನಿಂತಳು.

"ನನ್ನ ಕಣ್ಣು ಯಾವ ಬಣ್ಣ ಇದೆ, ನೋಡಿ ಹೇಳು."

ಅವಳು ನಕ್ಕಳು. "ನಾನು ಹೇಳೋದಾ? ನಿಮಗೆ?"

"ಹೂಂ. ನೀನೇ ಹೇಳು."

ಅವಳು ಬಗ್ಗಿ ನೋಡಿದಳು. ನಗು ಹೋಯಿತು. "ಹಳದಿ, ಅಪ್ಪಾ."

"ಎಷ್ಟು?"

"ತುಂಬಾ. ನೋಡೋಕೆ ಭಯ ಆಗುತ್ತೆ ನಂಗೆ."

ಹಸಿರಿನ ನೆರಳಿದೆಯಾ, ಎಂಟಕ್ಕೆ ಒಂದು ಪಾಲಾ ಅಂತ ಮೇಷ್ಟ್ರು ಕೇಳಲಿಲ್ಲ. ಬೆಳಕು ಸರಿಯಿಲ್ಲ ಅಂತಲೂ ಅನ್ನಲಿಲ್ಲ. ಮಗಳ ಕೈ ಹಿಡಿದುಕೊಂಡರು.

"ಸರಿ," ಅಂದರು. "ನಾಳೆಯೂ ನೋಡಿ ಹೇಳು."